ಅಪ್ಪನ ಕಾರಿನ ರೇಡಿಯೊ ಯಾಕೆ ಸುಮ್ಮನಾಯ್ತು?

ಇವತ್ತು ಶುರು ಮಾಡೋಕೆ ಮುಂಚೆ ಒಂದು ಸಣ್ಣ ಪ್ರಶ್ನೆ. ಫೋನಲ್ಲಿ ಎಫ್‌ಎಂ ರೇಡಿಯೊ ಆ್ಯಪ್ ಯಾವಾಗಾದ್ರೂ ಓಪನ್ ಮಾಡಿದ್ದೀರಾ? ಮಾಡಿದ್ರೆ ನಿಮಗೆ ಗೊತ್ತಿರುತ್ತೆ, ಅದು ಮೊದಲು ಕೇಳೋದೇ "ಇಯರ್‌ಫೋನ್ ಹಾಕಿ" ಅಂತ. ಸ್ಪೀಕರ್‌ನಲ್ಲಿ ಕೇಳ್ತೀನಿ ಅಂದ್ರೂ ಬಿಡಲ್ಲ, ವೈರ್ ಚುಚ್ಚಲೇಬೇಕು. ಯಾಕಂದ್ರೆ ಆ ವೈರೇ ಅದರ ಆಂಟೆನಾ. ಈ ವಿಷಯ ನನಗೆ ಎರಡು ತಿಂಗಳ ಹಿಂದಿನವರೆಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ರೆ ನನ್ನ 349 ರೂಪಾಯಿ ಉಳೀತಿತ್ತು, ಅಪ್ಪನ ಮುಂದೆ ಮಾನನೂ ಉಳೀತಿತ್ತು.

ವಿಷಯ ಏನಂದ್ರೆ, ನಮ್ಮಪ್ಪನ ಹತ್ರ 2006ರ ಮಾರುತಿ 800 ಇದೆ. ಅಪ್ಪ ರಿಟೈರ್ಡ್ ಮೇಷ್ಟ್ರು. ಮನೆ ಮೈಸೂರಲ್ಲಿ, ತೋಟ ಹುಣಸೂರಿನ ಕಡೆ. ವಾರಕ್ಕೆ ಮೂರು ಸಲ ಬೆಳಿಗ್ಗೆ ಎದ್ದು ಒಬ್ಬರೇ ಕಾರ್ ಓಡಿಸ್ಕೊಂಡು ಹೋಗ್ತಾರೆ. ಮೊದಲು ಒಬ್ಬರೇ ಹೋಗ್ತಿರಲಿಲ್ಲ, ಅಮ್ಮನೂ ಇರ್ತಿದ್ರು. ಅಮ್ಮ ಹೋಗಿ ಎರಡು ವರ್ಷ ಆಯ್ತು. ಆಮೇಲಿಂದ ಕಾರಿನಲ್ಲಿ ಮೈಸೂರು ಆಕಾಶವಾಣಿ, 100.6. ಸಮಾಚಾರ, ಕೃಷಿ ಕಾರ್ಯಕ್ರಮ, ಹಾಡು, ಏನು ಬಂದ್ರೂ ಸರಿ, ಆಫ್ ಮಾಡಲ್ಲ.

ಹೋದ ಸಲ ಊರಿಗೆ ಹೋದಾಗ ಅವರ ಜೊತೆ ತೋಟಕ್ಕೆ ಹೊರಟೆ. ಕಾರ್ ಹತ್ತಿ ಹತ್ತು ನಿಮಿಷ ಆಯ್ತು, ಸದ್ದೇ ಇಲ್ಲ. "ಯಾಕಪ್ಪ, ರೇಡಿಯೊ ಹಾಕಲ್ವಾ?" ಅಂದೆ. "ಸ್ಟೇಷನ್ ಸಿಗ್ತಿಲ್ಲ ಕಣಪ್ಪ. ಅವರೇ ಪವರ್ ಕಮ್ಮಿ ಮಾಡಿರಬೇಕು" ಅಂದ್ರು. ಎಷ್ಟು ದಿನದಿಂದ ಅಂದ್ರೆ, ಒಂದು ತಿಂಗಳಿಂದ! ಒಂದು ತಿಂಗಳು ಆ ಮನುಷ್ಯ ಬರೀ ಇಂಜಿನ್ ಸದ್ದು ಕೇಳ್ಕೊಂಡು ಓಡಾಡಿದ್ದಾರೆ, ನನಗೆ ಒಂದು ಮಾತು ಹೇಳಿಲ್ಲ. ಕೆಳಗಿಳಿದು ನೋಡ್ತೀನಿ, ಡ್ರೈವರ್ ಕಡೆ ಗಾಜಿನ ಪಕ್ಕದ ಕಂಬದಲ್ಲಿ ಇರೋ ಆಂಟೆನಾ ಬುಡದ ಹತ್ರನೇ ಮುರಿದಿದೆ. ಯಾವುದೋ ಮದುವೆಗೆ ಹೋಗಿದ್ದಾಗ ಪಾರ್ಕಿಂಗ್‌ನಲ್ಲಿ ಮರದ ಕೊಂಬೆಗೆ ಸಿಕ್ಕಿತ್ತಂತೆ. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಅವರಿಗೆ ಹೊಳೆದಿಲ್ಲ.

ಈಗ ನನ್ನ ಬುದ್ಧಿವಂತಿಕೆ ಕೇಳಿ. ಆನ್‌ಲೈನಲ್ಲಿ ಶಾರ್ಕ್ ಫಿನ್ ಆಂಟೆನಾ ಅಂತ ಬರುತ್ತಲ್ಲ, ಮೀನಿನ ರೆಕ್ಕೆ ಥರದ್ದು, ಅದನ್ನ 349 ರೂಪಾಯಿಗೆ ತರಿಸಿದೆ. ಡಬಲ್ ಟೇಪ್ ಕಿತ್ತು ಟಾಪ್ ಮೇಲೆ ಅಂಟಿಸಿದೆ. ಲುಕ್ ಏನೋ ಬಂತು, ಸ್ಟೇಷನ್ ಬರಲಿಲ್ಲ. ಆಮೇಲೆ ಬಿಚ್ಚಿ ನೋಡಿದ್ರೆ ಒಳಗೆ ಏನೂ ಇಲ್ಲ! ಖಾಲಿ ಪ್ಲಾಸ್ಟಿಕ್. ಬರೀ ಶೋಗೆ. ಸ್ನೇಹಿತರೇ, ಇದನ್ನ ನೆನಪಿಟ್ಕೊಳ್ಳಿ. ಸ್ಟೀರಿಯೊಗೆ ಹೋಗೋ ವೈರ್ ಇಲ್ಲದ ಯಾವ ಆಂಟೆನಾನೂ ಆಂಟೆನಾ ಅಲ್ಲ, ಸ್ಟಿಕರ್ ಅಷ್ಟೇ.

ಅಲ್ಲಿಂದ ಒಂದು ಕಾರ್ ಆ್ಯಕ್ಸೆಸರೀಸ್ ಅಂಗಡಿಗೆ ಹೋದ್ವಿ. ಅವರು ಕಾರ್ ಕಡೆ ಒಂದ್ಸಲ ನೋಡಿದ್ರು, "ಸರ್, ಸ್ಟೀರಿಯೊ ಹಳೇದಾಯ್ತು, ಟಚ್ ಸ್ಕ್ರೀನ್ ಹಾಕ್ಸಿ, 8,500" ಅಂದ್ರು. ನಿಜ ಹೇಳ್ತೀನಿ, ನಾನು ಫೋನ್ ತೆಗೆದು ಸ್ಕ್ಯಾನ್ ಮಾಡೋಕೆ ರೆಡಿ ಆಗಿದ್ದೆ. ಅಪ್ಪ ನನ್ನ ತೋಳು ಹಿಡಿದು, "ಸ್ವಲ್ಪ ನಿಲ್ಲೋ" ಅಂತ ನಮ್ಮ ಬೀದಿಯ ಹಳೆಯ ಕಾರ್ ಎಲೆಕ್ಟ್ರಿಷಿಯನ್ ಒಬ್ಬರ ಹತ್ರ ಕರ್ಕೊಂಡು ಹೋದ್ರು.

ಆ ಅಣ್ಣ ಏನು ಮಾಡಿದ್ರು ಗೊತ್ತಾ? ಸ್ಟೀರಿಯೊನ ಮುಂದಕ್ಕೆ ಎಳೆದು, ಹಿಂದಿನ ಆಂಟೆನಾ ಪ್ಲಗ್ ಕಿತ್ರು. ಮೂಲೆಯಲ್ಲಿ ಬಿದ್ದಿದ್ದ ಮನೆ ವೈರಿಂಗ್ ತಂತಿ ತಗೊಂಡು, ಸುಮಾರು ಮುಕ್ಕಾಲು ಮೀಟರ್ ಕತ್ತರಿಸಿ, ತುದಿ ಸುಲಿದು, ಆ ಸಾಕೆಟ್‌ನ ನಡುವಿನ ತೂತಿಗೆ ಸಿಕ್ಕಿಸಿ, ಇನ್ನೊಂದು ತುದಿನ ಕಿಟಕಿಯಿಂದ ಹೊರಗೆ ಬಿಟ್ರು. ಆನ್ ಮಾಡಿದ್ರು. 100.6 ಟಣ್ ಅಂತ ಬಂತು! ಹೊರಗೆ ನಿಂತಿದ್ದ ಅಪ್ಪ ಬಗ್ಗಿ ಕಿಟಕಿ ಒಳಗೆ ತಲೆ ಹಾಕಿದ್ರು. ಒಂದು ಮಾತೂ ಆಡಲಿಲ್ಲ. ಹಾಗೇ ಬಗ್ಗಿ ನಿಂತು ಒಂದು ಹಾಡು ಪೂರ್ತಿ ಕೇಳಿದ್ರು.

8,500 ರೂಪಾಯಿ ಉಳಿಸಿದ್ದು ಆ ಒಂದು ತುಂಡು ತಂತಿ. ನಿಮ್ಮ ಮನೆ ಕಾರಿಗೂ ಇದೇ ಮೊದಲ ಟೆಸ್ಟ್. ತಂತಿ ಹಾಕಿದಾಗ ಸ್ಟೇಷನ್ ಬಂದ್ರೆ ಸ್ಟೀರಿಯೊ ಚೆನ್ನಾಗಿದೆ, ತೊಂದರೆ ಇರೋದು ಆಂಟೆನಾದಲ್ಲಿ ಅಥವಾ ಅದರ ಕೇಬಲ್‌ನಲ್ಲಿ. ತಂತಿ ಹಾಕಿದ್ರೂ ಬರಲಿಲ್ಲ ಅಂದ್ರೆ ಮಾತ್ರ ಸ್ಟೀರಿಯೊ ಮೇಲೆ ಅನುಮಾನ ಪಡಿ.

ಮುಕ್ಕಾಲು ಮೀಟರೇ ಯಾಕೆ? ನಾನು ಬಿ.ಕಾಂ, ಫಿಸಿಕ್ಸ್ ಅಂದ್ರೆ ದೂರ. ಆದ್ರೆ ಲೆಕ್ಕ ಬರುತ್ತಲ್ಲ. 300ನ್ನ ಸ್ಟೇಷನ್ ನಂಬರಿನಿಂದ ಭಾಗಿಸಿದ್ರೆ ಆ ಅಲೆಯ ಉದ್ದ ಮೀಟರ್‌ನಲ್ಲಿ ಸಿಗುತ್ತೆ. 100.6ಕ್ಕೆ ಹೆಚ್ಚು ಕಮ್ಮಿ 3 ಮೀಟರ್. ಅದರ ಕಾಲು ಭಾಗ 75 ಸೆಂಟಿಮೀಟರ್. ಕಡ್ಡಿ ಆಂಟೆನಾ ಅಲೆಯ ಕಾಲು ಭಾಗದಷ್ಟಿದ್ರೆ ಸಿಗ್ನಲ್ ಚೆನ್ನಾಗಿ ಹಿಡಿಯುತ್ತೆ. ಅದಕ್ಕೇ ಹಳೆಯ ಕಾರುಗಳಲ್ಲಿ ಅಷ್ಟುದ್ದದ ಕಡ್ಡಿ. ಬೆರಳುದ್ದದ ಆಂಟೆನಾ ಹಾಕಿದ್ರೆ ಪಟ್ಟಣದಲ್ಲಿ ನಡೆಯುತ್ತೆ, ಊರು ದಾಟಿದ ಮೇಲೆ ಬರೀ ಸುಯ್ ಅನ್ನುತ್ತೆ. ಹೊಸ ಕಾರುಗಳ ಗಿಡ್ಡ ಆಂಟೆನಾ ಹೇಗೆ ಕೆಲಸ ಮಾಡುತ್ತೆ ಅಂದ್ರೆ, ಸಾಮಾನ್ಯವಾಗಿ ಅದರ ಒಳಗೆ ತಂತಿನ ಸುರುಳಿ ಸುತ್ತಿರ್ತಾರೆ, ಬುಡದಲ್ಲಿ ಆಂಪ್ಲಿಫೈಯರ್ ಇರುತ್ತೆ. ಆ ಆಂಪ್ಲಿಫೈಯರ್‌ಗೆ 12 ವೋಲ್ಟ್ ಕರೆಂಟ್ ಕೊಡಬೇಕು. ಆ ಕನೆಕ್ಷನ್ ಕೊಡೋದು ಮರೆತ್ರೆ ಅದೂ ದಂಡ.

ಮಾರನೇ ವಾರ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ಅದೇ ಥರದ ಎಳೆಯೋ ಆಂಟೆನಾ ತಗೊಂಡೆ, ಕೇಬಲ್ ಸಮೇತ 350 ರೂಪಾಯಿ. ಬರೀ ಕಡ್ಡಿ ಸ್ಕ್ರೂ ಥರ ತಿರುಗಿಸಿ ತೆಗೆಯೋ ಹಾಗಿದ್ರೆ ಕಡ್ಡಿ ಮಾತ್ರ ಬದಲಾಯಿಸಬಹುದು. ಅಂಗಡಿಗೆ ಹೋಗುವಾಗ ಹಳೇದನ್ನ ಜೊತೆಗೆ ತಗೊಂಡು ಹೋಗಿ, ಯಾಕಂದ್ರೆ ಮರೆಯ ಅಳತೆ ಬೇರೆ ಬೇರೆ ಇರುತ್ತೆ. ನಮ್ಮದು ಬುಡದಲ್ಲೇ ಮುರಿದಿತ್ತು, ಹಾಗಾಗಿ ಪೂರ್ತಿ ಬದಲಾಯಿಸಬೇಕಾಯ್ತು.

ಫಿಟ್ಟಿಂಗ್ ಮಾಡುವಾಗ ಅಣ್ಣನ ಹತ್ರ ಮೂರು ವಿಷಯ ಕಲಿತೆ.

ಒಂದು, ಹಳೆಯ ಕೇಬಲ್ ಸುಮ್ಮನೆ ಎಳೆದು ಬಿಸಾಡಬಾರದು. ಡ್ಯಾಶ್‌ಬೋರ್ಡ್ ಕಡೆ ತುದಿಗೆ ಗಟ್ಟಿ ದಾರ ಕಟ್ಟಿ ಆಮೇಲೆ ಎಳೀಬೇಕು. ಕೇಬಲ್ ಹೊರಗೆ ಬರುತ್ತೆ, ದಾರ ಕಂಬದೊಳಗೆ ಉಳಿಯುತ್ತೆ. ಹೊಸ ಕೇಬಲ್ ಅದೇ ದಾರಕ್ಕೆ ಕಟ್ಟಿ ಒಳಗಿಂದ ಎಳೆದ್ರೆ ಮುಗೀತು. ಲಾಡಿ ಹಾಕಿದ ಹಾಗೆ. ದಾರ ಇಲ್ಲದೆ ಕೇಬಲ್ ತೂರಿಸೋಕೆ ಹೋದ್ರೆ ಇಡೀ ದಿನ ಹೋಗುತ್ತೆ.

ಎರಡು, ಅರ್ಥಿಂಗ್. ಕಾರಿನ ಕಬ್ಬಿಣದ ಬಾಡಿನೂ ಆಂಟೆನಾದ ಅರ್ಧ ಭಾಗ ಇದ್ದ ಹಾಗೆ. ಬುಡ ಬಾಡಿಗೆ ಸರಿಯಾಗಿ ತಾಗಬೇಕು. ನಮ್ಮ ಕಾರಲ್ಲಿ ಹೊಸದು ಹಾಕಿದ ಮೇಲೂ, ಇಂಜಿನ್ ಆನ್ ಮಾಡಿದ ತಕ್ಷಣ ಕುಂಯ್ ಅಂತ ಸದ್ದು ಬರ್ತಿತ್ತು, ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದು ಏರ್ತಿತ್ತು. ಬಿಚ್ಚಿ ನೋಡಿದ್ರೆ ಬುಡ ಕೂರೋ ಜಾಗ ಪೂರ್ತಿ ತುಕ್ಕು. ಎಮೆರಿ ಪೇಪರ್‌ನಲ್ಲಿ ಉಜ್ಜಿ, ಹೊಳೆಯೋ ಹಾಗೆ ಮಾಡಿ ಮತ್ತೆ ಕೂರಿಸಿದ್ರು. ಸದ್ದು ನಿಂತೋಯ್ತು. ಮೇಲಿನ ರಬ್ಬರ್ ವಾಷರ್ ಮಾತ್ರ ಬಿಡಬೇಡಿ, ಬಿಟ್ರೆ ಮಳೆ ನೀರು ಕಂಬದೊಳಗೆ ಇಳಿದು ಮತ್ತೆ ತುಕ್ಕು.

ಮೂರು, ಮಲ್ಟಿಮೀಟರ್ ಇದ್ರೆ ಎರಡು ನಿಮಿಷದ ಚೆಕ್. ಸ್ಟೀರಿಯೊದಿಂದ ಪ್ಲಗ್ ಕಿತ್ತು, ಮೀಟರ್‌ನ ಬೀಪ್ ಮೋಡ್‌ನಲ್ಲಿಡಿ. ಕಡ್ಡಿಯ ತುದಿಗೂ ಪ್ಲಗ್‌ನ ನಡುವಿನ ಪಿನ್ನಿಗೂ ಇಟ್ರೆ ಬೀಪ್ ಬರಬೇಕು. ಪಿನ್ನಿಗೂ ಪ್ಲಗ್‌ನ ಹೊರ ಕವಚಕ್ಕೂ ಇಟ್ರೆ ಬರಬಾರದು. ಹೊರ ಕವಚಕ್ಕೂ ಕಾರಿನ ಬಾಡಿಗೂ ಇಟ್ರೆ ಬರಬೇಕು. ಮೂರೂ ಸರಿ ಇದ್ರೆ ಆಂಟೆನಾ ಸರಿ ಇದೆ. ಇದು ಹಳೆಯ ಕಡ್ಡಿ ಆಂಟೆನಾಗೆ ಮಾತ್ರ, ಆಂಪ್ಲಿಫೈಯರ್ ಇರೋದಕ್ಕೆ ಈ ಲೆಕ್ಕ ನಡೆಯಲ್ಲ.

ಕೇಬಲ್ ಸಾಲಲಿಲ್ಲ ಅಂತ ಮಾಮೂಲಿ ವೈರ್ ತಿರುಚಿ ಟೇಪ್ ಸುತ್ತಬೇಡಿ. ಅದು ಕೋಆಕ್ಸಿಯಲ್ ಕೇಬಲ್, ನಮ್ಮ ಟಿವಿ ಕೇಬಲ್ ಥರ ನಡುವೆ ಒಂದು ತಂತಿ, ಸುತ್ತ ಜಾಲರಿ. ಆಂಟೆನಾ ಎಕ್ಸ್‌ಟೆನ್ಶನ್ ಕೇಬಲ್ ಅಂತಾನೇ ಸಿಗುತ್ತೆ, ಅದನ್ನೇ ತಗೊಳ್ಳಿ.

ಕೂಲಿ 200 ರೂಪಾಯಿ. ಒಟ್ಟು 550. ನನ್ನ ಪ್ಲಾಸ್ಟಿಕ್ ಮೀನಿನ ರೆಕ್ಕೆ ಬೇರೆ ಖಾತೆ, ಅದನ್ನ ನಷ್ಟ ಅಂತ ಬರೆದ್ಕೊಂಡಿದ್ದೀನಿ.

ಒಂದು ವಿಷಯ ಹೇಳ್ತೀನಿ. 'ಆಕಾಶವಾಣಿ' ಅನ್ನೋ ಹೆಸರಿನ ಜೊತೆ ನಮ್ಮ ಮೈಸೂರಿಗೆ ಹಳೇ ನಂಟಿದೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದ್ರು. ಒಬ್ಬ ಮನುಷ್ಯ, ಒಂದು ಮನೆ, ಒಂದು ಮೈಕು. ಯೋಚನೆ ಮಾಡಿದ್ರೆ ಈಗ ನಾನು ರೂಮಿನಲ್ಲಿ ಕೂತು ಮಾಡ್ತಿರೋದೂ ಅದೇ ಅಲ್ವಾ?

ಆವತ್ತು ಕೆಲಸ ಮುಗಿದ ಮೇಲೆ ಅಪ್ಪನ ಜೊತೆ ತೋಟದವರೆಗೂ ಹೋದೆ. ಹುಣಸೂರು ದಾಟಿದ್ರೂ ಸ್ಟೇಷನ್ ಗಟ್ಟಿಯಾಗಿ ನಿಂತಿತ್ತು. "ಫೋನಲ್ಲಿ ಹೇಳಿದ್ರೆ ಆಗ್ತಿತ್ತಲ್ಲಪ್ಪ, ಒಂದು ತಿಂಗಳು ಸುಮ್ಮನೆ ಇದ್ರಲ್ಲ" ಅಂದೆ. "ರೇಡಿಯೊ ಕೆಟ್ಟಿದೆ ಅಂತ ಬೆಂಗಳೂರಿಗೆ ಫೋನ್ ಮಾಡೋದಾ? ನಿಮ್ಮಮ್ಮ ಇದ್ದಿದ್ರೆ ಅವಳೇ ಹೇಳ್ತಿದ್ಲು" ಅಂದ್ರು. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಕೇಳಿದ್ರು, "ನಿನ್ನ ಕಾರ್ಯಕ್ರಮ ಯಾವ ಸ್ಟೇಷನ್ನಲ್ಲಿ ಬರುತ್ತೋ?"

ಈಗ ವಾರಕ್ಕೊಂದು ದಿನ ನಾನೇ ಫೋನ್ ಮಾಡಿ ಕೇಳ್ತೀನಿ, ರೇಡಿಯೊ ಹೇಗಿದೆ ಅಂತ. ನೀವೂ ಈ ವಾರ ಊರಿಗೆ ಹೋದ್ರೆ, ಮನೆ ಕಾರಿನ ರೇಡಿಯೊ ಒಂದ್ಸಲ ಆನ್ ಮಾಡಿ ನೋಡಿ. ಬರಲಿಲ್ಲ ಅಂದ್ರೆ ಮುಕ್ಕಾಲು ಮೀಟರ್ ತಂತಿ ಹುಡುಕಿ. ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳೋಣ. ಅಲ್ಲಿವರೆಗೂ ಹುಷಾರು. ನಮಸ್ಕಾರ.