ಬಂದೂಕು ಮತ್ತು ರಾಜ್ಯದ ಗಡಿ



ಅಮೆರಿಕದಲ್ಲಿ ಬಂದೂಕು ತರಕಾರಿಯಂತೆ ಸಿಗುತ್ತದೆ ಎಂಬ ಮಾತು ನಮ್ಮಲ್ಲಿ ಪ್ರಚಲಿತವಾಗಿದೆ. ಆದರೆ ಅಲ್ಲಿಯೂ ಕಾನೂನಿದೆ. ಅದು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನರಿಯದೆ ಮಾಡುವ ಟೀಕೆ ನ್ಯಾಯವಾಗದು. ಒಬ್ಬನು ತನ್ನ ರಾಜ್ಯದ ಹೊರಗೆ ಬಂದೂಕು ಕೊಳ್ಳಬಹುದೇ ಎಂಬ ಒಂದು ಪ್ರಶ್ನೆಯ ಮೂಲಕ ಇದನ್ನು ಪರಿಶೀಲಿಸೋಣ.

1963ರಲ್ಲಿ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನೆಡಿಯವರನ್ನು ಬಲಿ ತೆಗೆದುಕೊಂಡ ರೈಫಲನ್ನು ಓಸ್ವಾಲ್ಡ್ ಸುಳ್ಳು ಹೆಸರಿನಲ್ಲಿ ಶಿಕಾಗೋದ ಅಂಗಡಿಯಿಂದ ಅಂಚೆಯ ಮೂಲಕ ತರಿಸಿದ್ದನು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಟೆನೆಸ್ಸಿಯ ಮೆಂಫಿಸ್‌ನಲ್ಲಿ ಹತರಾದರು. ಆ ರೈಫಲನ್ನು ಹಂತಕನು ಅಲಬಾಮಾ ರಾಜ್ಯದಲ್ಲಿ, ಸುಳ್ಳು ಹೆಸರಿನಲ್ಲಿಯೇ ಕೊಂಡಿದ್ದನು. ಜೂನ್‌ನಲ್ಲಿ ರಾಬರ್ಟ್ ಕೆನೆಡಿಯವರ ಹತ್ಯೆಯಾಯಿತು. ಅದೇ ವರ್ಷ ಅಕ್ಟೋಬರ್ 22ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಬಂದೂಕು ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದರು.

ಆ ಕಾಯ್ದೆಯ ಪ್ರಕಾರ, ಪರರಾಜ್ಯದಲ್ಲಿ ಪಿಸ್ತೂಲು ಅಥವಾ ರಿವಾಲ್ವರನ್ನು ಆರಿಸಿ ಹಣ ಕೊಡಬಹುದು, ಆದರೆ ಅಲ್ಲಿಯೇ ಕೈಗೆ ಪಡೆಯುವಂತಿಲ್ಲ. ಅದನ್ನು ಖರೀದಿದಾರನ ಸ್ವಂತ ರಾಜ್ಯದ ಪರವಾನಗಿ ಪಡೆದ ವ್ಯಾಪಾರಿಗೆ ಕಳುಹಿಸಬೇಕು. ಅರ್ಜಿ ಮತ್ತು ಹಿನ್ನೆಲೆಯ ತಪಾಸಣೆ ಅಲ್ಲಿಯೇ ನಡೆಯಬೇಕು. 1986ರ ತಿದ್ದುಪಡಿಯ ಬಳಿಕ ರೈಫಲ್ ಮತ್ತು ಶಾಟ್‌ಗನ್‌ಗಳನ್ನು ಪರರಾಜ್ಯದ ಪರವಾನಗಿದಾರ ವ್ಯಾಪಾರಿಯಿಂದ ಖುದ್ದಾಗಿ ಕೊಳ್ಳಬಹುದು. ಆದರೆ ಎರಡೂ ರಾಜ್ಯಗಳ ಕಾನೂನು ಅದಕ್ಕೆ ಸಮ್ಮತಿಸಬೇಕು. ಬೇರೆ ಬೇರೆ ರಾಜ್ಯಗಳ ಇಬ್ಬರು ಖಾಸಗಿ ವ್ಯಕ್ತಿಗಳು ನೇರವಾಗಿ ಮಾರಾಟ ನಡೆಸುವಂತಿಲ್ಲ. ಉತ್ತರಾಧಿಕಾರವಾಗಿ ಬಂದದ್ದು ಮತ್ತು ಕ್ರೀಡೆಗೆಂದು ತಾತ್ಕಾಲಿಕವಾಗಿ ಎರವಲು ಪಡೆದದ್ದು ಇದಕ್ಕೆ ಹೊರತು. ಮನುಷ್ಯನು ಗಡಿ ದಾಟಿದರೂ ಅವನ ರಾಜ್ಯದ ಕಾನೂನು ಅವನನ್ನು ಹಿಂಬಾಲಿಸಬೇಕು ಎಂಬುದೇ ಇದರ ತತ್ವ.

ಹಾಗಾದರೆ ಲೋಪವೆಲ್ಲಿದೆ? ಒಂದೇ ರಾಜ್ಯದ ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಕೇಂದ್ರ ಕಾನೂನು ತಪಾಸಣೆಯನ್ನು ಕಡ್ಡಾಯಗೊಳಿಸಿಲ್ಲ. ಕೆಲವು ರಾಜ್ಯಗಳು ಮಾತ್ರ ಆ ಬಾಗಿಲನ್ನು ಮುಚ್ಚಿವೆ. ಸಡಿಲ ಕಾನೂನಿನ ರಾಜ್ಯದಲ್ಲಿ ಕೈ ಬದಲಿಸಿದ ಬಂದೂಕು ಕಾರಿನಲ್ಲಿ ಕುಳಿತು ಬಿಗಿ ಕಾನೂನಿನ ನಗರವನ್ನು ತಲುಪುತ್ತದೆ. ಶಿಕಾಗೋ ನಗರಾಡಳಿತದ 2017ರ ವರದಿಯ ಪ್ರಕಾರ, ಅಪರಾಧಗಳ ಸಂಬಂಧ ವಶವಾಗಿ ಮೂಲ ಪತ್ತೆಯಾದ ಬಂದೂಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮೊದಲು ಮಾರಾಟವಾದದ್ದು ಹೊರರಾಜ್ಯಗಳಲ್ಲಿ. ಕಾನೂನು ಗಡಿಯಲ್ಲಿ ನಿಲ್ಲುತ್ತದೆ, ಗುಂಡು ನಿಲ್ಲುವುದಿಲ್ಲ.

ಇನ್ನೊಬ್ಬನಿಗಾಗಿ ತನ್ನ ಹೆಸರಿನಲ್ಲಿ ಕೊಳ್ಳುವುದು ಮತ್ತೊಂದು ದಾರಿ. ವರ್ಜೀನಿಯಾದ ಮಾಜಿ ಪೊಲೀಸನೊಬ್ಬನು ಪೆನ್ಸಿಲ್ವೇನಿಯಾದಲ್ಲಿದ್ದ ತನ್ನ ಸಂಬಂಧಿಕನಿಗಾಗಿ ಪಿಸ್ತೂಲು ಕೊಂಡನು. ನಿಜವಾದ ಖರೀದಿದಾರ ತಾನೇ ಎಂದು ಅರ್ಜಿಯಲ್ಲಿ ಬರೆದನು. ಬಳಿಕ ಪೆನ್ಸಿಲ್ವೇನಿಯಾದ ವ್ಯಾಪಾರಿಯ ಮೂಲಕ ಕ್ರಮಬದ್ಧವಾಗಿಯೇ ಹಸ್ತಾಂತರಿಸಿದನು. ಸಂಬಂಧಿಕನಿಗೂ ಬಂದೂಕು ಹೊಂದುವ ಅರ್ಹತೆಯಿತ್ತು. ಆದರೂ 2014ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು. ಬಂದೂಕು ಯಾರ ಕೈ ಸೇರುತ್ತಿದೆ ಎಂಬ ಸತ್ಯವನ್ನು ಮರೆಮಾಚಿದರೆ ತಪಾಸಣೆಗೆ ಅರ್ಥವೇ ಉಳಿಯುವುದಿಲ್ಲ. 2022ರ ಕಾಯ್ದೆಯು ಅನರ್ಹರಿಗಾಗಿ ಹೀಗೆ ಕೊಳ್ಳುವುದನ್ನು ಪ್ರತ್ಯೇಕ ಅಪರಾಧವಾಗಿಸಿ, 15 ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸಿತು.

ಸಹೋದರರೇ, ಸುಳ್ಳು ಸಾಕ್ಷ್ಯವನ್ನು ಇಸ್ಲಾಮ್ ಮಹಾಪಾಪಗಳ ಸಾಲಿನಲ್ಲಿರಿಸಿದೆ. ಬಾಣಗಳೊಂದಿಗೆ ಮಸೀದಿಯಲ್ಲೋ ಸಂತೆಯಲ್ಲೋ ಸಾಗುವವನು ಯಾರಿಗೂ ಗಾಯವಾಗದಂತೆ ಅವುಗಳ ಮೊನೆಯನ್ನು ಹಿಡಿದುಕೊಳ್ಳಬೇಕೆಂದು ಪ್ರವಾದಿ(ಸ) ಆದೇಶಿಸಿದ್ದರು. ಆಯುಧ ಯಾರ ಕೈಯಲ್ಲಿದೆಯೋ ಹೊಣೆಯೂ ಅವನದೇ. ಆ ಹೊಣೆಯನ್ನು ರಾಜ್ಯದ ಗಡಿಯಾಗಲಿ ಖಾಸಗಿ ವ್ಯವಹಾರದ ನೆಪವಾಗಲಿ ಇಳಿಸಲಾರದು.

ವಿದ್ಯಾಭ್ಯಾಸಕ್ಕೆ, ಉದ್ಯೋಗಕ್ಕೆ ಅಮೆರಿಕಕ್ಕೆ ತೆರಳುವ ನಮ್ಮ ಯುವಕರಿಗೂ ಒಂದು ಕಿವಿಮಾತು. ತಾತ್ಕಾಲಿಕ ವೀಸಾದಲ್ಲಿರುವವರು ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳ ಹೊರತು ಬಂದೂಕನ್ನು ಕೊಳ್ಳುವುದೂ ಇರಿಸಿಕೊಳ್ಳುವುದೂ ಅಲ್ಲಿ ಅಪರಾಧ. ಗೆಳೆಯನ ಬಂದೂಕನ್ನು ಕುತೂಹಲಕ್ಕೆ ಕೈಗೆತ್ತಿಕೊಳ್ಳುವುದೂ ಅಪಾಯಕಾರಿ. ಹೋಗುವ ನಾಡಿನ ಕಾನೂನನ್ನು ತಿಳಿದು ಪಾಲಿಸುವುದು ವಾಗ್ದಾನ ಪಾಲನೆಯ ಒಂದು ಭಾಗವೇ ಆಗಿದೆ.

ಪ್ರಾಣದ ಪಾವಿತ್ರ್ಯವನ್ನು ಅರಿತು ಬಾಳುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ.