ಡೆಬೊರಾ ಹುಡುಕಿದ ತಾಯಿ

ತಾಯಿಯನ್ನು ಕಳೆದುಕೊಂಡವರಿಗೆ ಉಳಿಯುವುದು ನೆನಪು. ಅವಳು ಬಡಿಸಿದ ಕೈ, ಗದರಿಸಿದ ದನಿ, ಸೆರಗಿನ ವಾಸನೆ—ಇಷ್ಟಾದರೂ ಮಕ್ಕಳ ಪಾಲಿಗೆ ಇರುತ್ತದೆ. ಆದರೆ ನೆನಪು ಮೂಡುವ ಮೊದಲೇ ತಾಯಿ ತೀರಿಕೊಂಡರೆ? ಆ ಮಗು ಬೆಳೆದು ದೊಡ್ಡದಾದ ಮೇಲೆ, ತಾಯಿಯ ಬಾಳನ್ನು ನೆಂಟರಿಷ್ಟರ ಬಾಯಿಂದ ಒಂದೊಂದೇ ಮಾತಾಗಿ ಕೂಡಿಸಿಕೊಳ್ಳಬೇಕು. ಅಮೆರಿಕದ ಡೆಬೊರಾ ಲ್ಯಾಕ್ಸ್ ಎಂಬಾಕೆ ತನ್ನ ಬಾಳಿನ ಬಹುಭಾಗವನ್ನು ಇದಕ್ಕಾಗಿಯೇ ಸವೆಸಿದಳು. ಆಕೆಯ ತಾಯಿ ಹೆನ್ರಿಯೆಟಾ ಲ್ಯಾಕ್ಸ್. ವೈದ್ಯವಿಜ್ಞಾನವನ್ನು ಓದಿದವರೆಲ್ಲರೂ ಈ ಹೆಸರನ್ನು ಇಂದು ಬಲ್ಲರು. ಆದರೆ ಅವರು ಬಲ್ಲುದು ಬಹುಮಟ್ಟಿಗೆ ಆಕೆಯ ಜೀವಕೋಶಗಳನ್ನು. ಮಗಳು ಹುಡುಕಿದ್ದು ಆಕೆಯ ಬಾಳನ್ನು.

ಹೆನ್ರಿಯೆಟಾ ಹುಟ್ಟಿದ್ದು 1920ರ ಆಗಸ್ಟ್ 1ರಂದು, ವರ್ಜೀನಿಯಾ ಸಂಸ್ಥಾನದ ರೋನೋಕ್ ಪಟ್ಟಣದಲ್ಲಿ, ಆಫ್ರಿಕದ ಮೂಲದ ಒಂದು ಬಡ ಸಂಸಾರದಲ್ಲಿ. ನಾಲ್ಕು ವರ್ಷದವಳಾಗಿದ್ದಾಗಲೇ ಆಕೆಯ ತಾಯಿ ಹೆರಿಗೆಯಲ್ಲಿ ತೀರಿಕೊಂಡಳು. ಮಕ್ಕಳನ್ನು ಬಂಧುಗಳು ಹಂಚಿಕೊಂಡು ಸಾಕಿದರು. ಕ್ಲೋವರ್ ಎಂಬ ಹಳ್ಳಿಯಲ್ಲಿ ಅಜ್ಜನ ಮನೆ ಆಕೆಗೆ ಆಸರೆಯಾಯಿತು. ಅದು ಹಿಂದೆ ಗುಲಾಮರು ವಾಸವಾಗಿದ್ದ ಮರದ ದಿಮ್ಮಿಗಳ ಮನೆ. ಹೊಗೆಸೊಪ್ಪಿನ ಹೊಲದಲ್ಲಿ ದುಡಿಯುತ್ತ ಬೆಳೆದ ಈ ಹುಡುಗಿ, ಅದೇ ಮನೆಯಲ್ಲಿ ಬೆಳೆದ ಬಂಧು ಡೇವಿಡನನ್ನು 1941ರಲ್ಲಿ ಮದುವೆಯಾದಳು. ಬಾಲ್ಟಿಮೋರ್ ನಗರದ ಬಳಿಯ ಉಕ್ಕಿನ ಕಾರ್ಖಾನೆಯಲ್ಲಿ ಗಂಡನಿಗೆ ಕೆಲಸವಾಯಿತು; ಸಂಸಾರ ಅಲ್ಲಿಗೆ ಸಾಗಿತು.

ಊರಿನಿಂದ ಕೆಲಸ ಹುಡುಕಿಕೊಂಡು ಬಂದ ನೆಂಟರ ಹುಡುಗರಿಗೆಲ್ಲ ಹೆನ್ರಿಯೆಟಾಳ ಮನೆಯೇ ಛತ್ರ. ಬಂದವರಿಗೆ ಊಟ, ಮಲಗಲು ಜಾಗ ಇದ್ದೇ ಇರುತ್ತಿತ್ತು. ಆಕೆಗೆ ಕುಣಿತವೆಂದರೆ ಪ್ರೀತಿ. ಎಷ್ಟು ಕೆಲಸವಿದ್ದರೂ ಕೈಕಾಲಿನ ಉಗುರುಗಳಿಗೆ ಕೆಂಪು ಬಣ್ಣ ಹಚ್ಚಿಕೊಳ್ಳುವುದನ್ನು ಬಿಡಳು. ಐದು ಮಕ್ಕಳಲ್ಲಿ ಎರಡನೆಯವಳಾದ ಎಲ್ಸಿಗೆ ಬುದ್ಧಿ ಬೆಳೆಯಲಿಲ್ಲ, ಮೂರ್ಛೆಯೂ ಬರುತ್ತಿತ್ತು. ಮನೆಯಲ್ಲಿ ನೋಡಿಕೊಳ್ಳಲಾಗದೆ ಅವಳನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಬಿಡಬೇಕಾಯಿತು. ತಾಯಿ ತನ್ನ ಮೈಯಲ್ಲಿ ಶಕ್ತಿ ಇರುವವರೆಗೆ ವಾರವಾರವೂ ಹೋಗಿ ಆ ಮಗಳನ್ನು ನೋಡಿ ಬರುತ್ತಿದ್ದಳು.

ಒಡಲೊಳಗೆ ಗಂಟೊಂದು ಇದ್ದಂತಿದೆಯೆಂದು ಆಕೆ ಓರಗೆಯ ಹೆಂಗಸರೊಡನೆ ಬಹು ದಿನಗಳಿಂದ ಹೇಳುತ್ತಿದ್ದಳು. 1951ರ ಜನವರಿ ಕೊನೆಯಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದಳು. ಬಿಳಿಯರಿಗೊಂದು, ಕರಿಯರಿಗೊಂದು ವಾರ್ಡು ಎಂದು ಭೇದವಿದ್ದ ಕಾಲವದು. ಪರೀಕ್ಷೆಯಲ್ಲಿ ಗರ್ಭಕಂಠದ ಕ್ಯಾನ್ಸರು ಎಂದು ಗೊತ್ತಾಯಿತು. ಆಗಿನ ಚಿಕಿತ್ಸೆಯೆಂದರೆ ರೇಡಿಯಂ, ಆಮೇಲೆ ಕ್ಷಕಿರಣ. ಆಕೆ ಮನೆಯವರಿಗೆ ನಿಜವನ್ನು ಬಹುಕಾಲ ಹೇಳಲೇ ಇಲ್ಲ. ಎಂದಿನಂತೆ ಅಡಿಗೆ ಮಾಡಿದಳು, ಮಕ್ಕಳ ತಲೆ ಬಾಚಿದಳು. ಮುಚ್ಚಿಡಲಾಗದಷ್ಟು ನೋವು ಬಂದ ಮೇಲೆಯೇ ಬಾಯಿಬಿಟ್ಟಳು. ಬೇಸಗೆ ಮುಗಿಯುವ ಹೊತ್ತಿಗೆ ಆಸ್ಪತ್ರೆಯ ಹಾಸಿಗೆ ಹಿಡಿದಳು. ಗಂಡನು ಮಕ್ಕಳನ್ನು ಕರೆತಂದು ಆಕೆಯ ಕಿಟಕಿಯ ಕೆಳಗಿನ ಹುಲ್ಲುಹಾಸಿನ ಮೇಲೆ ಆಡಲು ಬಿಡುತ್ತಿದ್ದನು. ಆಕೆ ಹೇಗೋ ಎದ್ದು, ಗಾಜಿಗೆ ಮುಖವೊತ್ತಿ ನೋಡುತ್ತಿದ್ದಳು. ಮಕ್ಕಳಿಗೆ ಕೇಡಾಗದಂತೆ ನೋಡಿಕೊಳ್ಳಬೇಕೆಂಬುದೇ ಆಕೆಯ ಕೊನೆಯ ಬೇಡಿಕೆ. 1951ರ ಅಕ್ಟೋಬರ್ 4ರಂದು ತೀರಿಕೊಂಡಳು. ವಯಸ್ಸು ಮೂವತ್ತೊಂದು. ಡೆಬೊರಾಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಚಿಕಿತ್ಸೆಯ ಸಮಯದಲ್ಲಿ ಆಕೆಯ ಗಂತಿಯ ಒಂದು ಚೂರನ್ನು ಜಾರ್ಜ್ ಗೈ ಎಂಬ ವಿಜ್ಞಾನಿಯ ಪ್ರಯೋಗಾಲಯಕ್ಕೆ ಕಳುಹಿಸಿದ್ದರು. ಆಕೆಯ ಒಪ್ಪಿಗೆ ಕೇಳಿರಲಿಲ್ಲ. ಕೇಳುವ ವಾಡಿಕೆ ಆಗ ಇರಲಿಲ್ಲ. ಮನುಷ್ಯನ ಜೀವಕೋಶಗಳನ್ನು ದೇಹದ ಹೊರಗೆ ಬೆಳೆಸಲು ಗೈ ಬಹು ವರ್ಷಗಳಿಂದ ಹೆಣಗುತ್ತಿದ್ದನು. ಅವು ಕೆಲವೇ ದಿನಗಳಲ್ಲಿ ಸಾಯುತ್ತಿದ್ದವು. ಇವು ಸಾಯಲಿಲ್ಲ. ಸುಮಾರು ಒಂದು ದಿನಕ್ಕೊಮ್ಮೆ ಎರಡರಷ್ಟಾದವು. ತಾಯಿಯ ಹೆಸರಿನ ಮೊದಲಕ್ಷರಗಳಿಂದ ಅವಕ್ಕೆ ‘ಹೀಲಾ’ ಎಂಬ ಹೆಸರಾಯಿತು. ಸಾಕ್ ಅವರ ಪೋಲಿಯೊ ಲಸಿಕೆಯನ್ನು ಒರೆಗೆ ಹಚ್ಚಿದ್ದು ಇವುಗಳ ನೆರವಿನಿಂದ. ಹೆರಾಲ್ಡ್ ತ್ಸೂರ್ ಹೌಸೆನ್ ಎಂಬ ಜರ್ಮನ್ ವಿಜ್ಞಾನಿ ಗರ್ಭಕಂಠದ ಕ್ಯಾನ್ಸರಿಗೆ ಒಂದು ಬಗೆಯ ವೈರಸ್ಸು ಕಾರಣವೆಂದು ತೋರಿಸಿ 2008ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆ ವೈರಸ್ಸಿನ ಗುರುತು ಹೀಲಾ ಕೋಶಗಳಲ್ಲಿಯೂ ಸಿಕ್ಕಿತ್ತು. ಇಂದು ಹೆಣ್ಣುಮಕ್ಕಳಿಗೆ ಆ ರೋಗ ತಗಲದಂತೆ ಹಾಕುವ ಲಸಿಕೆ ಈ ತಿಳಿವಳಿಕೆಯ ಫಲ.

ಇಷ್ಟಾದರೂ ಆ ತಾಯಿಯ ಹೆಸರನ್ನು ಎಷ್ಟೋ ಕಾಲ ‘ಹೆಲೆನ್ ಲೇನ್’ ಎಂದು ತಪ್ಪಾಗಿ ಅಚ್ಚುಹಾಕಿದರು. ಕ್ಲೋವರಿನಲ್ಲಿ, ತನ್ನ ತಾಯಿಯ ಸಮಾಧಿಯ ಬಳಿ ಮಲಗಿದ ಆಕೆಗೆ ಒಂದು ಕಲ್ಲೂ ಇರಲಿಲ್ಲ. ಕೋಶಗಳು ಬದುಕಿವೆಯೆಂಬ ಸುದ್ದಿ ಮನೆಯವರಿಗೆ ತಿಳಿದದ್ದೇ 1973ರ ಸುಮಾರಿಗೆ.

ಆಗ ಡೆಬೊರಾ ಕೇಳಿದ ಪ್ರಶ್ನೆಗಳನ್ನು ನೋಡಿ. ಅಮ್ಮನಿಗೆ ಯಾವ ಬಣ್ಣ ಇಷ್ಟವಾಗಿತ್ತು? ಕುಣಿಯುತ್ತಿದ್ದಳೇ? ನನಗೆ ಎದೆಹಾಲು ಕುಡಿಸಿದ್ದಳೇ? ಪ್ರಪಂಚದ ಪ್ರಯೋಗಾಲಯಗಳಲ್ಲಿ ಯಾವ ಪುಸ್ತಕದಲ್ಲಿಯೂ ಇದಕ್ಕೆ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದಷ್ಟೂ ಸಿಕ್ಕಿದ್ದು ಹಳ್ಳಿಯ ಮುದುಕಿಯರಲ್ಲಿ, ಸೋದರಸಂಬಂಧಿಗಳಲ್ಲಿ. ಒಂದು ಸಂಗತಿಯನ್ನು ಮಾತ್ರ ಗೈ ಅವರ ಸಹಾಯಕಿಯೊಬ್ಬಳು ನೆನಪಿಟ್ಟಿದ್ದಳು. ದಿನವೂ ಆ ಕೋಶಗಳನ್ನು ಸಾಕುತ್ತಿದ್ದವಳು ಆಕೆ. ಶವಪರೀಕ್ಷೆಯ ಕೊಠಡಿಯಲ್ಲಿ ಹೆನ್ರಿಯೆಟಾಳ ಕಾಲುಗುರಿನಲ್ಲಿ ಅಲ್ಲಲ್ಲಿ ಕಿತ್ತುಹೋದ ಕೆಂಪು ಬಣ್ಣವನ್ನು ಕಂಡಾಗಲೇ, ಇದು ಒಬ್ಬ ಹೆಂಗಸಿನ ಮೈಯಿಂದ ಬಂದದ್ದೆಂದು ಆಕೆಗೆ ಹೊಳೆಯಿತು.

2001ರಲ್ಲಿ ಒಬ್ಬ ಯುವ ವಿಜ್ಞಾನಿ ಡೆಬೊರಾಳನ್ನೂ ಆಕೆಯ ತಮ್ಮನನ್ನೂ ಪ್ರಯೋಗಾಲಯಕ್ಕೆ ಕರೆದು, ಮಂಜುಗಟ್ಟಿಸಿಟ್ಟ ಕೋಶಗಳ ಒಂದು ಸಣ್ಣ ಸೀಸೆಯನ್ನು ಕೈಗಿತ್ತನು. ಅಮ್ಮ ತಣ್ಣಗಿದ್ದಾಳೆಂದು ಆಕೆ ಅದನ್ನು ಅಂಗೈಗಳ ನಡುವೆ ಉಜ್ಜಿ, ಉಸಿರೂದಿ ಬೆಚ್ಚಗೆ ಮಾಡಿದಳಂತೆ. ಮಗಳಿಗೆ ತಾಯಿಯ ಸೇವೆ ಮಾಡಲು ದೊರೆತ ಅವಕಾಶ ಅಷ್ಟೇ. ರೆಬೆಕ್ಕಾ ಸ್ಕ್ಲೂಟ್ ಎಂಬ ಲೇಖಕಿ ಈ ಬಾಳಿನ ಕಥೆಯನ್ನು ಪುಸ್ತಕವಾಗಿ ಪ್ರಕಟಿಸಿದುದು 2010ರಲ್ಲಿ. ಅದೇ ವರ್ಷ ಸಮಾಧಿಗೆ ಪುಸ್ತಕದ ಆಕಾರದ ಕಲ್ಲೂ ಬಂತು. ಡೆಬೊರಾ ಎರಡನ್ನೂ ನೋಡಲಿಲ್ಲ, 2009ರಲ್ಲಿಯೇ ತೀರಿಕೊಂಡಿದ್ದಳು.

ನಮ್ಮ ದೇಶದ ಹೆಂಗಸರಲ್ಲಿ ಸ್ತನದ ಕ್ಯಾನ್ಸರನ್ನು ಬಿಟ್ಟರೆ ಹೆಚ್ಚಾಗಿ ಕಾಣುವುದು ಹೆನ್ರಿಯೆಟಾಳಿಗೆ ಬಂದ ಈ ರೋಗವೇ. ಮೊದಲಲ್ಲೇ ಕಂಡುಹಿಡಿದರೆ ಗುಣವಾಗುವಂಥದು. ಆದರೆ ನಮ್ಮ ತಾಯಂದಿರೂ ಹೆನ್ರಿಯೆಟಾಳಂತೆಯೇ. ಮಕ್ಕಳ ಊಟ ಮುಗಿಯಲಿ, ಹಬ್ಬ ಕಳೆಯಲಿ, ಆಮೇಲೆ ನೋಡೋಣವೆಂದು ನೋವನ್ನು ಮುಚ್ಚಿಡುವವರು. ಅವರು ಹೇಳದಿದ್ದರೆ ನಾವು ಕೇಳಬೇಕು. ಮೈ ಹೇಗಿದೆಯಮ್ಮಾ ಎಂದು ಕೇಳಬೇಕು. ಹಾಗೆಯೇ, ನಿನಗೆ ಯಾವ ಬಣ್ಣ ಇಷ್ಟ ಎಂದೂ ಕೇಳಬೇಕು. ಉತ್ತರ ಹೇಳುವವಳು ಮನೆಯಲ್ಲಿರುವಾಗ ಕೇಳುವುದು ಸುಲಭ.