ಶಾಲೆಗೆ ಬರುವ ದಾದಿಯೂ ನಮ್ಮ ಹೆಣ್ಣುಮಕ್ಕಳೂ

(ಸಂಘದ ಕುಟುಂಬ ಸಮಾವೇಶದಲ್ಲಿ ನಿವೃತ್ತ ದಾದಿಯೊಬ್ಬರು ಮಾಡಿದ ಭಾಷಣ)



ಭಾಷಣಕ್ಕೆಂದು ನನ್ನನ್ನು ಯಾರೂ ಇದುವರೆಗೆ ಕರೆದಿರಲಿಲ್ಲ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಈ ಹೈದರಾಬಾದಿನ ಗಲ್ಲಿಗಳಲ್ಲಿ ಸೂಜಿ, ಹತ್ತಿ, ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ತಿರುಗಿದವಳು ನಾನು. ಮಾತಿಗಿಂತ ಕೈಕೆಲಸ ಚೆನ್ನಾಗಿ ಬಲ್ಲೆ. ಕಾರ್ಯದರ್ಶಿಗಳು "ಹೆಂಗಸರ ಆರೋಗ್ಯದ ಮೇಲೆ ನಾಲ್ಕು ಮಾತು ಆಡಿರಿ" ಎಂದರು. ನಾನು ಒಪ್ಪಿದ್ದೇನೋ ನಿಜ. ಆದರೆ ಮಾತೆಲ್ಲ ಗಂಡಸರಿಗೇ ಆಡಬೇಕೆಂದು ನಿಶ್ಚಯಿಸಿ ಬಂದಿದ್ದೇನೆ. ಹಿಂದಿನ ಸಾಲಿನಲ್ಲಿ ಎದ್ದು ಹೋಗಲು ನೋಡುತ್ತಿರುವ ಅಣ್ಣಂದಿರು ದಯಮಾಡಿ ಕುಳಿತುಕೊಳ್ಳಬೇಕು.

ನಮ್ಮ ಮನೆಯ ಹಿಂದಿನ ವಠಾರದಲ್ಲಿ ಒಬ್ಬ ತಾಯಿ ಇದ್ದಳು. ಗಂಡ ಹೋಟೆಲಿನಲ್ಲಿ ಅಡುಗೆ ಕೆಲಸ. ಬೆಳಗಿನ ನಾಲ್ಕಕ್ಕೆ ಹೋದರೆ ರಾತ್ರಿ ಹನ್ನೊಂದಕ್ಕೆ ಬರುವುದು. ಅವಳಿಗೆ ಮುಟ್ಟಿನ ದಿನಗಳಲ್ಲದೆ ಬೇರೆ ದಿನವೂ ರಕ್ತ ಹೋಗುತ್ತಿತ್ತು, ದುರ್ವಾಸನೆಯ ಬಿಳುಪು ಹೋಗುತ್ತಿತ್ತು. ಒಂದು ವರ್ಷ ಗಂಡನಿಗೆ ಹೇಳಲಿಲ್ಲ. ನನಗೆ, ಗೋಡೆಯಾಚೆಗಿನ ದಾದಿಗೆ, ಅದಕ್ಕೂ ಆರು ತಿಂಗಳ ಮೇಲೆ ಹೇಳಿದಳು. ಅವಳನ್ನು ರೆಡ್ ಹಿಲ್ಸ್‌ನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ ನಾನೇ ಆಟೋದಲ್ಲಿ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ತಮ್ಮ ಕೈಲಾದುದನ್ನೆಲ್ಲ ಮಾಡಿದರು. ಕಾಲ ಮೀರಿತ್ತು. ಉಳಿದ ಇಬ್ಬರು ಹೆಣ್ಣುಮಕ್ಕಳನ್ನು ಊರಿನಲ್ಲಿ ಅಜ್ಜಿ ಸಾಕುತ್ತಿದ್ದಾಳೆ.

ಈ ರೋಗಕ್ಕೆ ಗರ್ಭಕೋಶದ ಕೊರಳಿನ ಕ್ಯಾನ್ಸರ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಹೆಂಗಸರಿಗೆ ಇದು ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಬೇರೆ ಕ್ಯಾನ್ಸರುಗಳಿಗೆ ಕಾರಣ ಇದೇ ಎಂದು ಬೆರಳು ಮಾಡಿ ತೋರಿಸುವುದು ಕಷ್ಟ. ಇದಕ್ಕೆ ಹಾಗಲ್ಲ. ಎಚ್.ಪಿ.ವಿ. ಎಂಬ ವೈರಸ್ಸೇ ಕಾರಣವೆಂದು ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. 2008ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈ ವೈರಸ್ಸಿನಲ್ಲಿ ನೂರಕ್ಕೂ ಹೆಚ್ಚು ಜಾತಿಗಳುಂಟು. ಅವುಗಳಲ್ಲಿ 16 ಮತ್ತು 18ನೆಯ ನಂಬರಿನ ಎರಡೇ ಜಾತಿಗಳು ಈ ಕ್ಯಾನ್ಸರಿನ ನೂರಕ್ಕೆ ಎಪ್ಪತ್ತರಷ್ಟಕ್ಕೆ ಕಾರಣ. ಇವೆರಡನ್ನೂ ತಡೆಯುವ ಲಸಿಕೆ ಇದೆ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಬಹಳ ಚೆನ್ನಾಗಿ ತಡೆಯುತ್ತದೆ.

ಇಲ್ಲಿಗೆ ಬಂದಾಗ ಮಾತು ಕಷ್ಟವಾಗುತ್ತದೆ. ಕುಂದಾಪುರದ ಕಡೆಯ ಭಟ್ಟರೊಬ್ಬರ ಮನೆಯಲ್ಲಿ ಈ ವಿಷಯ ಎತ್ತಿದೆ. ಅವರು ದೋಸೆಯ ಕಾವಲಿಯ ಮುಂದೆ ಇಪ್ಪತ್ತು ವರ್ಷ ನಿಂತವರು, ಸಾತ್ವಿಕರು. ವೈರಸ್ಸು ಗಂಡು ಹೆಣ್ಣಿನ ಸಂಬಂಧದಿಂದ ಹರಡುತ್ತದೆ ಎಂದ ಕೂಡಲೆ ಅವರ ಮುಖ ಕೆಂಪಾಯಿತು. "ಏನಕ್ಕ ಹೇಳ್ತೀರಿ? ನನ್ನ ಮಗಳು ಏಳನೆ ಕ್ಲಾಸು. ಅವಳು ಅಂಥವಳಾ?" ಎಂದರು.

ನಾನು ಹೇಳಿದೆ: "ಭಟ್ರೆ, ಅಂಥವಳಲ್ಲ ಅಂತಲೇ ಈಗ ಹಾಕಿಸಬೇಕು. ನಾಳೆ ನೀವೇ ಮುಂದೆ ನಿಂತು ಮದುವೆ ಮಾಡಿಕೊಡ್ತೀರಿ. ಅಳಿಯ ಎಲ್ಲಿದ್ದ, ಹೇಗಿದ್ದ ಎಂದು ನಿಮಗೆ ಗೊತ್ತಾ? ಈ ವೈರಸ್ಸು ಮೈಯಲ್ಲಿದ್ದರೆ ಗಂಡಸಿಗೂ ತಿಳಿಯೋದಿಲ್ಲ. ಅವನು ಒಳ್ಳೆಯವನೇ ಆಗಿರಬಹುದು."

ಭಟ್ಟರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ದೇವಿ ಹಾಕಿಸಿದ ಹಾಗೆಯೇ ಅನ್ನಿ" ಎಂದರು. ಹೌದು, ಹಾಗೆಯೇ. ಸಿಡುಬು ಬಂದ ಮೇಲೆ ಯಾರಾದರೂ ದೇವಿ ಹಾಕಿಸುತ್ತಿದ್ದರೆ? ವೈರಸ್ಸು ಮೈಗೆ ಸೇರಿದ ಮೇಲೆ ಈ ಲಸಿಕೆ ಅದನ್ನು ಓಡಿಸಲಾರದು. ಆದುದರಿಂದಲೇ ಮೊದಲು ಹಾಕಿಸುವುದು. ಮದುವೆಯಾದ ಗಂಡು ಹೆಣ್ಣುಗಳಲ್ಲಿ ಬಹಳ ಮಂದಿಗೆ ಯಾವಾಗಲೋ ಒಮ್ಮೆ ಈ ಸೋಂಕು ತಗುಲಿ ತಾನಾಗಿ ಹೋಗಿರುತ್ತದೆ. ಹೋಗದೆ ಉಳಿದವರಲ್ಲಿ ಕೆಲವರಿಗೆ ವರ್ಷಗಳ ಮೇಲೆ ಕ್ಯಾನ್ಸರಾಗುತ್ತದೆ. ಇದರಲ್ಲಿ ಶೀಲದ ಮಾತೇ ಇಲ್ಲ. ಇಂಗ್ಲೆಂಡಿನಲ್ಲಿ 2019ರಿಂದ ಹುಡುಗರಿಗೂ ಇದನ್ನೇ ಹಾಕುತ್ತಿದ್ದಾರೆ.

ಇನ್ನೊಂದು ಪ್ರಶ್ನೆಯನ್ನು ತಿಳಿದವರು ಕೇಳುತ್ತಾರೆ, ಕೇಳುವುದು ನ್ಯಾಯ. "ಖಮ್ಮಂನಲ್ಲಿ ಏನಾಯಿತಮ್ಮ?" ಎಂದು. ಅದನ್ನು ನಾನು ಮುಚ್ಚಿಡುವವಳಲ್ಲ. 2009ರ ಜುಲೈಯಲ್ಲಿ, ಆಗಿನ್ನೂ ಆಂಧ್ರದಲ್ಲಿದ್ದ ಖಮ್ಮಂ ಜಿಲ್ಲೆಯ ಭದ್ರಾಚಲಂ, ಕೊತ್ತಗೂಡೆಂ, ತಿರುಮಲಾಯಪಾಲೆಂ ಮಂಡಲಗಳಲ್ಲಿ 10ರಿಂದ 14 ವರ್ಷದ ಸುಮಾರು ಹದಿನಾಲ್ಕು ಸಾವಿರ ಹುಡುಗಿಯರಿಗೆ ಈ ಲಸಿಕೆ ಹಾಕಿದರು. ಪಾಥ್ ಎಂಬ ಅಮೆರಿಕದ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ರಾಜ್ಯ ಸರಕಾರ ಕೂಡಿ ಮಾಡಿದ ಕೆಲಸವದು. ಬಹಳ ಮಂದಿ ಆದಿವಾಸಿ ಹುಡುಗಿಯರು, ಹಾಸ್ಟೆಲಿನಲ್ಲಿ ಓದುವವರು. ಅಲ್ಲಿ ಐವರು, ಇಂಥದೇ ಕೆಲಸ ನಡೆದಿದ್ದ ಗುಜರಾತಿನಲ್ಲಿ ಇಬ್ಬರು ಹುಡುಗಿಯರು ತೀರಿಕೊಂಡರು. 2010ರ ಏಪ್ರಿಲಿನಲ್ಲಿ ಸರಕಾರ ಎಲ್ಲವನ್ನೂ ನಿಲ್ಲಿಸಿತು. ವಿಚಾರಣಾ ಸಮಿತಿ ನೋಡಿ, ಸಾವುಗಳಿಗೆ ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ವಿಷ, ಜ್ವರ ಇಂಥ ಬೇರೆ ಕಾರಣಗಳಿದ್ದುವೆಂದೂ ಲಸಿಕೆಗೆ ಸಂಬಂಧ ಕಾಣಲಿಲ್ಲವೆಂದೂ ಹೇಳಿತು.

ಆದರೆ ತಪ್ಪು ನಡೆದಿರಲಿಲ್ಲವೆ? ನಡೆದಿತ್ತು, ದೊಡ್ಡ ತಪ್ಪು. 2013ರಲ್ಲಿ ಪಾರ್ಲಿಮೆಂಟಿನ ಸಮಿತಿ ಅದನ್ನು ಎತ್ತಿ ಆಡಿತು. ನೋಡಿದ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ಹಾಸ್ಟೆಲ್ ವಾರ್ಡನ್ನರು! ತಾಯಿತಂದೆಯರನ್ನು ಕೇಳಲಿಲ್ಲ. ಹುಡುಗಿಗೆ ಮುಂದೆ ಏನಾದರೂ ಆದರೆ ಯಾರಿಗೆ ಹೇಳಬೇಕೆಂಬ ಏರ್ಪಾಡೂ ಸರಿಯಾಗಿರಲಿಲ್ಲ. ಬಡವರ ಮಕ್ಕಳು, ಯಾರು ಕೇಳುತ್ತಾರೆ ಎಂಬ ಧೋರಣೆ. ಕಾರ್ಮಿಕರಾದ ನಮಗೆ ಆ ಧೋರಣೆಯ ಪರಿಚಯ ಹೊಸದಲ್ಲ. ದಾದಿಯಾಗಿಯೇ ಹೇಳುತ್ತೇನೆ: ನಿಮ್ಮ ಸಹಿ ಇಲ್ಲದೆ ನಿಮ್ಮ ಮಗಳ ತೋಳಿಗೆ ಸೂಜಿ ಚುಚ್ಚುವ ಹಕ್ಕು ಯಾರಿಗೂ ಇಲ್ಲ.

ಆ ನಿಲುಗಡೆಯಿಂದ ಯಾರೂ ಎಣಿಸದ ಒಂದು ಲಾಭವೂ ಆಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು ಎರಡು ಡೋಸು ಸಾಕೆ, ಮೂರು ಬೇಕೆ ಎಂದು ನೋಡಲು 2009ರಲ್ಲೇ ದೇಶದ ಕೆಲವು ಊರುಗಳಲ್ಲಿ ಬೇರೊಂದು ಪರೀಕ್ಷೆ ಹಿಡಿದಿದ್ದರು; ನಮ್ಮ ಹೈದರಾಬಾದೂ ಅದರಲ್ಲಿತ್ತು. ಸರಕಾರದ ಆಜ್ಞೆಯಿಂದ ಅದೂ ನಡುವೆಯೇ ನಿಂತಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸು ಸಿಕ್ಕಿತ್ತು. ಹತ್ತು ವರ್ಷ ಅವರನ್ನು ನೋಡುತ್ತ ಬಂದರೆ, ಒಂದು ಡೋಸು ಪಡೆದವರಿಗೂ ಮೂರು ಪಡೆದವರಿಗೂ ರಕ್ಷಣೆಯಲ್ಲಿ ಹೆಚ್ಚಿನ ಅಂತರವಿಲ್ಲವೆಂದು 2021ರಲ್ಲಿ ಪ್ರಕಟವಾಯಿತು. 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವರ್ಷದವರಿಗೆ ಒಂದೇ ಡೋಸೂ ಆಗಬಹುದೆಂದಿತು. 2023ರಲ್ಲಿ ಪುಣೆಯ ಸೀರಂ ಸಂಸ್ಥೆಯ ಲಸಿಕೆ ಮಾರುಕಟ್ಟೆಗೆ ಬಂದಾಗ ಒಂದು ಡೋಸಿಗೆ ಸುಮಾರು ಎರಡು ಸಾವಿರ ರೂಪಾಯಿ. ಇಬ್ಬರು ಹೆಣ್ಣುಮಕ್ಕಳಿರುವ ಕ್ಲೀನರ್ ಅದನ್ನು ಎಲ್ಲಿಂದ ತರಬೇಕು? ಶಾಲೆಯಲ್ಲಿ ಸರಕಾರದ ಲಸಿಕೆ ಸಿಗುವಾಗ ಬಿಡಬಾರದೆಂದು ನಾನು ಹೇಳುವುದು ಇದಕ್ಕೇ.

ಸಿಕ್ಕಿಮಿನಲ್ಲಿ 2018ರಲ್ಲಿ ಶಾಲೆಗಳ ಮೂಲಕವೇ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಹುಡುಗಿಯರಿಗೆ ಲಸಿಕೆ ಹಾಕಿದರು. ಅಲ್ಲಿ ಮೊದಲು ಮಾಸ್ತರರಿಗೆ ತಿಳಿಸಿದರು, ತಾಯಿತಂದೆಯರ ಸಭೆ ಕರೆದರು, ಆಮೇಲೆ ಸೂಜಿ ತೆಗೆದರು. ಬ್ರಿಟನ್ನಿನಲ್ಲಿ 2008ರಿಂದ ಶಾಲೆಯಲ್ಲಿ ದಾದಿಯರು ಹಾಕುತ್ತಿದ್ದಾರೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಪೂರಾ ಲಸಿಕೆ ಪಡೆದವರಲ್ಲಿ ಒಬ್ಬಳಿಗೂ ಈ ಕ್ಯಾನ್ಸರ್ ಕಾಣಲಿಲ್ಲವೆಂದು 2024ರಲ್ಲಿ ಸ್ಕಾಟ್ಲೆಂಡಿನವರು ಲೆಕ್ಕ ಕೊಟ್ಟರು.

ಅವರಿಗೆ ಶಾಲೆಗೆಂದೇ ದಾದಿಯರುಂಟು. ನಮ್ಮಲ್ಲಿ ಕೆಲವು ವಸತಿಶಾಲೆಗಳನ್ನು ಬಿಟ್ಟರೆ, ಗಲ್ಲಿಯ ಸರಕಾರಿ ಶಾಲೆಗೆ ಬರುವವಳು ನಗರ ಆರೋಗ್ಯ ಕೇಂದ್ರದ ಎ.ಎನ್.ಎಂ. ಅವಳಿಗೆ ಒಂದೇ ಶಾಲೆಯೆ? ಬಾಣಂತಿಯರು, ಕೂಸುಗಳು, ಡೆಂಗ್ಯೂ ಲೆಕ್ಕ, ಅದರ ಮೇಲೆ ಇದು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಹೆಪ್ಪುಗಟ್ಟಿದರೆ ಕೆಟ್ಟುಹೋಯಿತು. ಇಡ್ಲಿಹಿಟ್ಟಿಗೆ ಎಷ್ಟು ಹದ ಬೇಕೆಂದು ಬಲ್ಲ ನಿಮಗೆ ಈ ಮಾತು ಅರ್ಥವಾದೀತು. ಆ ಪೆಟ್ಟಿಗೆ ಹೊತ್ತು ಬಂದ ದಿನ ನಲವತ್ತು ಹುಡುಗಿಯರಲ್ಲಿ ಹದಿನೆಂಟು ಮಂದಿ ಮಾತ್ರ ಒಪ್ಪಿಗೆಯ ಚೀಟಿ ತಂದಿದ್ದರೆ ಅವಳೇನು ಮಾಡಬೇಕು?

2017ರ ಆಗಸ್ಟಿನಲ್ಲಿ ತೆಲಂಗಾಣದಲ್ಲಿ ದಡಾರ ರುಬೆಲ್ಲಾ ಚುಚ್ಚುಮದ್ದಿನ ಕಾರ್ಯ ನಡೆದಾಗ ನನಗೆ ಹೀಗೆಯೇ ಆಯಿತು. ಒಂದು ಶಾಲೆಯಲ್ಲಿ ಚೀಟಿ ತಾರದ ಮಕ್ಕಳನ್ನು ಕೇಳಿದೆ. "ಅಮ್ಮ ಅಪ್ಪನನ್ನು ಕೇಳಬೇಕಂತೆ, ಅಪ್ಪ ಮಲಗಿದ ಮೇಲೆ ಬರ್ತಾನೆ, ಏಳೋ ಮೊದಲು ಹೋಗ್ತಾನೆ" ಎಂದಿತು ಒಂದು ಮಗು. ವಿರೋಧವೇನೂ ಇರಲಿಲ್ಲ ಸ್ವಾಮಿ! ಅಪ್ಪನಿಗೆ ಚೀಟಿ ಸಿಕ್ಕಿರಲಿಲ್ಲ, ಅಷ್ಟೆ. ಚೀಟಿ ತೆಲುಗಿನಲ್ಲಿತ್ತು, ಕನ್ನಡ ಮಾತ್ರ ಓದಬಲ್ಲ ತಾಯಿ ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಳು.

ಅದೇ ದಿನ ಒಬ್ಬ ಹುಡುಗಿ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಳು. ಸೂಜಿ ಕಂಡು ಕಣ್ಣು ಕತ್ತಲೆ ಬಂದು ಬಿದ್ದಳು. ಅವಳನ್ನು ಕಂಡು ಇನ್ನೂ ನಾಲ್ವರು ತಲೆಸುತ್ತು ಎಂದರು. ಅಂಗಾತ ಮಲಗಿಸಿ, ಕಾಲು ಎತ್ತರಕ್ಕಿಟ್ಟೆ. ಎಚ್ಚರವಾದ ಮೇಲೆ ನೀರು ಕೊಟ್ಟೆ. ಹತ್ತು ನಿಮಿಷದಲ್ಲಿ ಎದ್ದು ಕುಳಿತು ನಕ್ಕಳು. ಅಷ್ಟರಲ್ಲಿ ಯಾರೋ ಫೋನಿನಲ್ಲಿ ಫೋಟೊ ಹಿಡಿದು ಕಳುಹಿಸಿಯಾಗಿತ್ತು. ಸಂಜೆಗೆ ನಾನು ಮಕ್ಕಳನ್ನು ಕೊಂದವಳು! ಗೇಟಿನ ಹತ್ತಿರ ಕೂಗಾಡಿದವರಲ್ಲಿ ನಮ್ಮ ಕನ್ನಡದವರೂ ಇದ್ದರು. ಹೆಸರು ಹೇಳುವುದಿಲ್ಲ, ಒಬ್ಬರು ಇಲ್ಲಿಯೇ ಕುಳಿತಿದ್ದಾರೆ, ಆಮೇಲೆ ನನಗೆ ಚಹಾ ಕುಡಿಸಿದ್ದಾರೆ.

ಈಗ ನೀವು ಮಾಡಬೇಕಾದದ್ದು. ಚೀಟಿ ಬಂದ ರಾತ್ರಿಯೇ ಹೆಂಡತಿ ನಿಮ್ಮನ್ನು ಎಬ್ಬಿಸಿ ತೋರಿಸಲಿ. ಒಪ್ಪಿಗೆಯಾದರೆ ಸಹಿ ಮಾಡಿ, ಇಲ್ಲವಾದರೆ "ಇಲ್ಲ" ಎಂದು ಬರೆದು ಕಳುಹಿಸಿ. ಅನುಮಾನವಿದ್ದರೆ ದಾದಿಯನ್ನೇ ಕೇಳಿ. ಖಾಲಿ ಚೀಟಿ ಮಾತ್ರ ಬೇಡ. ಮಗಳಿಗೆ ಇಂಥ ದಿನ ಇಂಥ ಚುಚ್ಚುಮದ್ದು ಎಂದು ಮೊದಲೇ ಹೇಳಿ, ತಿಂಡಿ ತಿನ್ನಿಸಿ ಕಳುಹಿಸಿ. ಹುಡುಗಿಗೆ ಜ್ವರವಿದ್ದರೆ, ಹಿಂದೆ ಯಾವುದೋ ಚುಚ್ಚುಮದ್ದಿಗೆ ಮೈಯೆಲ್ಲ ದದ್ದೆದ್ದಿದ್ದರೆ ಚೀಟಿಯಲ್ಲಿ ಬರೆಯಿರಿ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಲಿ. ತೋಳು ಒಂದೆರಡು ದಿನ ನೋಯುವುದುಂಟು, ಸ್ವಲ್ಪ ಜ್ವರ ಬರುವುದುಂಟು. ಅಕ್ಕತಂಗಿಯರೆ, ಮಗಳಿಗೆ ಲಸಿಕೆಯಾಯಿತೆಂದು ನೀವು ಸುಮ್ಮನಿರಬೇಡಿ: ಮೂವತ್ತು ದಾಟಿದವರು ಗರ್ಭಕೋಶದ ಕೊರಳಿನ ಪರೀಕ್ಷೆ ಮಾಡಿಸಿಕೊಳ್ಳಬೇಕು. ಆ ವಠಾರದ ತಾಯಿ ಒಂದು ಸಲ ಮಾಡಿಸಿಕೊಂಡಿದ್ದರೆ!

ಸಂಘದಿಂದ ಎರಡು ಕೆಲಸ ಬೇಡುತ್ತೇನೆ. ಒಪ್ಪಿಗೆಯ ಚೀಟಿಯನ್ನು ಕನ್ನಡಕ್ಕೆ ಮಾಡಿ ಪ್ರತಿಯೊಂದು ಹೋಟೆಲಿನ ಕಾರ್ಮಿಕರ ಕೋಣೆಗೆ ಮುಟ್ಟಿಸಬೇಕು. ಲಸಿಕೆಯ ದಿನ ತಾಯಿಗೋ ತಂದೆಗೋ ಸಂಬಳ ಹಿಡಿಯದೆ ಅರ್ಧ ದಿನದ ರಜೆ ಕೊಡುವಂತೆ ಮಾಲೀಕರನ್ನು ಕೇಳಬೇಕು. ಮಿಲ್ಲಿನವರಾದರೆ ಪಾಳಿ ಬದಲು ಮಾಡಿಕೊಂಡಾರು, ಹೋಟೆಲಿನವರಿಗೆ ಆ ಅನುಕೂಲವೂ ಇಲ್ಲ.

ಊರಿನಲ್ಲಿ ಮಗಳನ್ನು ಬಿಟ್ಟು ಇಲ್ಲಿ ದುಡಿಯುವವರು ಇಲ್ಲಿ ಬಹಳ ಮಂದಿ ಇದ್ದೀರಿ. ಕುಂದಾಪುರದಲ್ಲೋ ರಾಯಚೂರಿನಲ್ಲೋ ಬೀದರಿನಲ್ಲೋ ಅಲ್ಲಿಯ ದಾದಿ ಚೀಟಿ ಕೊಟ್ಟಾಗ ಅಜ್ಜಿ "ಅವರಪ್ಪ ಬರಲಿ" ಎನ್ನುತ್ತಾಳೆ. ಅಪ್ಪ ಬರುವುದು ದೀಪಾವಳಿಗೆ. ಈ ವಾರವೇ ಫೋನು ಮಾಡಿ ಅಜ್ಜಿಗೂ ಮಾಸ್ತರರಿಗೂ ನಿಮ್ಮ ಅಭಿಪ್ರಾಯ ತಿಳಿಸಿಡಿ.

9ರಿಂದ 14ರ ಹೆಣ್ಣುಮಕ್ಕಳಿರುವವರು ಹೋಗುವ ಮುಂಚೆ ಮಗಳ ಹೆಸರು, ವಯಸ್ಸು, ಓದುವ ಶಾಲೆ ಬರೆಯಿಸಿ ಹೋಗಿರಿ. ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲಿದೆ. ಊಟ ಮುಗಿಯುವ ತನಕ ನಾನು ಇಲ್ಲಿಯೇ ಕುಳಿತಿರುತ್ತೇನೆ. ಎಲ್ಲರ ಎದುರಿಗೆ ಕೇಳಲು ಸಂಕೋಚವಾದವರು ಆಗ ಬಂದು ಕೇಳಬಹುದು.